ಕ್ಯಾಮೆರಾ ತೋರಿಸಿದರೆ ಹೆಸರು ಹೇಳುವ ಮೊಬೈಲ್‌ಗೆ ನಿಜಕ್ಕೂ ಏನು ಗೊತ್ತಿರುತ್ತದೆ?

ದೀಪಾವಳಿ ಬಂತೆಂದರೆ ವಾಟ್ಸಾಪ್ ಗುಂಪುಗಳಿಗೆ ಒಂದು ಚಿತ್ರವೂ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಭಾರತದ ಭೂಪಟ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬೆಳಕಿನ ಚುಕ್ಕೆಗಳು. ಕೆಳಗೆ ‘ದೀಪಾವಳಿಯ ರಾತ್ರಿ ನಾಸಾ ಬಾಹ್ಯಾಕಾಶದಿಂದ ತೆಗೆದ ನಮ್ಮ ದೇಶದ ಫೋಟೋ’ ಎಂಬ ಸಾಲು. ನಿಮಗೂ ಬಂದಿರುತ್ತದೆ. ನೀವೂ ಒಮ್ಮೆ ಮುಂದಕ್ಕೆ ಕಳಿಸಿರಬಹುದು.

ಆ ಚಿತ್ರ ದೀಪಾವಳಿಯದ್ದಲ್ಲ. ಒಂದೇ ರಾತ್ರಿಯದ್ದೂ ಅಲ್ಲ. ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್ ಅವರು ಹವಾಮಾನ ಉಪಗ್ರಹಗಳ ಹಲವು ವರ್ಷಗಳ ಮಾಹಿತಿಯನ್ನು ಜೋಡಿಸಿ 2003ರಲ್ಲಿ ತಯಾರಿಸಿದ ಚಿತ್ರ ಅದು. ಬಿಳಿ ಬಣ್ಣ 1992ಕ್ಕೂ ಮೊದಲೇ ಕಾಣುತ್ತಿದ್ದ ಊರಿನ ಬೆಳಕು. ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಹೊಸದಾಗಿ ಕಂಡದ್ದು. ಅಂದರೆ ಜನಸಂಖ್ಯೆ, ಊರುಗಳು ಹೇಗೆ ಬೆಳೆದವು ಎಂದು ತೋರಿಸುವ ನಕ್ಷೆ. 2012ರ ನವೆಂಬರ್‌ನಲ್ಲಿ ನಾಸಾ ದೀಪಾವಳಿ ಸಮಯದ ನಿಜವಾದ ಉಪಗ್ರಹ ಚಿತ್ರವನ್ನೇ ಪ್ರಕಟಿಸಿತು. ಹಬ್ಬದ ದಿನ ಹೆಚ್ಚಾಗುವ ಬೆಳಕು ಬಾಹ್ಯಾಕಾಶದಿಂದ ಬಹುಶಃ ಗೊತ್ತೇ ಆಗದಷ್ಟು ಕಡಿಮೆ ಎಂದೂ ವಿವರಿಸಿತು. ಆದರೂ ಫಾರ್ವರ್ಡ್ ನಿಂತಿಲ್ಲ.

ಇಷ್ಟನ್ನು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ. ನಿಮ್ಮ ಮೊಬೈಲ್‌ನ ಗೂಗಲ್ ಲೆನ್ಸ್‌ನಲ್ಲಿ ಆ ಚಿತ್ರವನ್ನು ಹಾಕಿದರೆ ಅದರ ಹಳೆಯ ಪ್ರತಿಗಳೂ ವಿವರಣೆಗಳೂ ಎದುರಿಗೆ ಬರುತ್ತವೆ. ಅದೇ ಲೆನ್ಸ್ ಅನ್ನು ಹಿತ್ತಲಿನ ಹೂವಿನ ಕಡೆ ಹಿಡಿದರೆ ಹೂವಿನ ಹೆಸರು, ಹಾವಿನ ಕಡೆ ಹಿಡಿದರೆ ಹಾವಿನ ಹೆಸರು. ಎಲ್ಲವೂ ಒಂದೇ ಬಟನ್‌ನಿಂದ ಬರುವುದರಿಂದ ಎಲ್ಲ ಉತ್ತರಗಳನ್ನೂ ಒಂದೇ ತೂಕದಲ್ಲಿ ನಂಬುತ್ತೇವೆ. ಆದರೆ ಒಳಗೆ ನಡೆಯುವ ಕೆಲಸ ಒಂದೇ ಅಲ್ಲ. ‘ಈ ಫೋಟೋ ಹಿಂದೆ ಎಲ್ಲಿ ಬಂದಿತ್ತು?’ ಎಂಬುದು ಒಂದು ಪ್ರಶ್ನೆ. ‘ಈ ಫೋಟೋದಲ್ಲಿ ಇರುವುದು ಏನು?’ ಎಂಬುದು ಬೇರೆಯದೇ ಪ್ರಶ್ನೆ. ಮೊದಲನೆಯದರಲ್ಲಿ ಮೊಬೈಲ್ ತುಂಬ ಗಟ್ಟಿ. ಎರಡನೆಯದರಲ್ಲಿ ಅದು ಊಹೆ ಮಾಡುತ್ತದೆ. ಒಳ್ಳೆಯ ಊಹೆಯೇ, ಆದರೆ ಊಹೆ.

ಮೊಬೈಲ್‌ಗೆ ಕಾಣುವುದು ಅಂಕಿಗಳು

ಫೋಟೋ ನೋಡಿ ‘ಹಸು’ ಎಂದು ಎರಡು ವರ್ಷದ ಮಗುವೂ ಹೇಳುತ್ತದೆ. ಮೊಬೈಲ್‌ಗೆ ಹಸು ಕಾಣುವುದಿಲ್ಲ. 12 ಮೆಗಾಪಿಕ್ಸೆಲ್ ಫೋಟೋ ಎಂದರೆ ಒಂದು ಬದಿಗೆ 4000, ಇನ್ನೊಂದು ಬದಿಗೆ 3000 ಚುಕ್ಕೆಗಳು. ಪ್ರತಿ ಚುಕ್ಕೆಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಹೇಳುವ, 0ಯಿಂದ 255ರೊಳಗಿನ ಮೂರು ಸಂಖ್ಯೆಗಳು. ಒಟ್ಟು 3 ಕೋಟಿ 60 ಲಕ್ಷ ಸಂಖ್ಯೆಗಳು. ಹಸು ಎರಡು ಹೆಜ್ಜೆ ಸರಿದು ನಿಂತರೆ, ಮೋಡ ಕವಿದು ಬೆಳಕು ಕಡಿಮೆಯಾದರೆ, ಇವುಗಳಲ್ಲಿ ಬಹುಪಾಲು ಬದಲಾಗುತ್ತವೆ. ಹಸು ಮಾತ್ರ ಅದೇ. ಬದಲಾಗುವ ಸಂಖ್ಯೆಗಳ ನಡುವೆ ಬದಲಾಗದ್ದನ್ನು ಹಿಡಿಯುವುದೇ ಇಡೀ ಕಷ್ಟ.

ಅದೇ ಫೋಟೋವನ್ನು ಹುಡುಕುವ ಕೆಲಸ ಸುಲಭ, ಅದನ್ನು ಮೊದಲು ನೋಡೋಣ. ಇದರ ಅತ್ಯಂತ ಸರಳ ವಿಧಾನ ಹೀಗಿದೆ. ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಕುಗ್ಗಿಸಿ ಕುಗ್ಗಿಸಿ 8 ಸಾಲು, 8 ಕಂಬಸಾಲಿನ ಪುಟ್ಟ ಚೌಕಟ್ಟಿಗೆ ಇಳಿಸುವುದು, ಚದುರಂಗದ ಹಾಸಿನ ಹಾಗೆ 64 ಮನೆ. ಸರಾಸರಿಗಿಂತ ಬೆಳಕಾಗಿರುವ ಮನೆಗೆ 1, ಕತ್ತಲಾಗಿರುವ ಮನೆಗೆ 0. ಸಿಕ್ಕ 64 ಅಂಕಿಗಳೇ ಆ ಫೋಟೋದ ಬೆರಳಚ್ಚು. ವಾಟ್ಸಾಪ್ ಆ ಫೋಟೋವನ್ನು ಎಷ್ಟು ಸಲ ಹಿಂಡಿ ಮಸುಕು ಮಾಡಿದರೂ ಈ ಬೆರಳಚ್ಚು ಹೆಚ್ಚು ಬದಲಾಗುವುದಿಲ್ಲ. ಎರಡು ಬೆರಳಚ್ಚುಗಳ ನಡುವೆ ಎರಡೋ ಮೂರೋ ಅಂಕಿ ಮಾತ್ರ ಬೇರೆಯಾಗಿದ್ದರೆ ಅವು ಬಹುತೇಕ ಒಂದೇ ಫೋಟೋ. ನಿಜವಾದ ಸೇವೆಗಳು ಬಳಸುವ ಬೆರಳಚ್ಚು ಇದಕ್ಕಿಂತ ಸೂಕ್ಷ್ಮ, ಆದರೆ ಆಲೋಚನೆ ಇದೇ ದಾರಿಯದ್ದು. 2008ರಲ್ಲಿ ಕೆನಡಾದ ಟೊರಾಂಟೊದಿಂದ ಶುರುವಾದ ಟಿನ್‌ಐ ಇಂಥ ಹುಡುಕಾಟವನ್ನು ಜನಸಾಮಾನ್ಯರ ಕೈಗೆ ಕೊಟ್ಟಿತು. 2011ರಲ್ಲಿ ಗೂಗಲ್‌ನಲ್ಲೂ ಫೋಟೋ ಹಾಕಿ ಹುಡುಕುವ ಸೌಲಭ್ಯ ಬಂತು.

ಹೆಸರು ಹೇಳುವುದನ್ನು ಕಲಿತದ್ದು ಹೇಗೆ

2009ರ ಕೊನೆಯಲ್ಲಿ ಗೂಗಲ್ ‘ಗಾಗಲ್ಸ್’ ಎಂಬ ಆ್ಯಪ್ ತಂದಿತ್ತು. ಪುಸ್ತಕದ ಮುಖಪುಟ, ಪ್ರಸಿದ್ಧ ಕಟ್ಟಡ, ಕಂಪನಿಯ ಲೋಗೋ ತೋರಿಸಿದರೆ ಗುರುತಿಸುತ್ತಿತ್ತು. ಬೆಕ್ಕು, ಗಿಡ, ಕುರ್ಚಿ ತೋರಿಸಿದರೆ ತಡವರಿಸುತ್ತಿತ್ತು. ಕಾರಣ ಸರಳ. ಒಂದು ಪುಸ್ತಕದ ಮುಖಪುಟ ಎಲ್ಲೆಡೆ ಒಂದೇ ಥರ. ಒಂದು ಬೆಕ್ಕಿನ ಹಾಗೆ ಇನ್ನೊಂದು ಬೆಕ್ಕಿಲ್ಲ.

ದೊಡ್ಡ ಬದಲಾವಣೆ ಬಂದದ್ದು 2012ರಲ್ಲಿ. ಫೇಯ್-ಫೇಯ್ ಲಿ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ‘ಇಮೇಜ್‌ನೆಟ್’ ಎಂಬ ದೊಡ್ಡ ಚಿತ್ರಭಂಡಾರ ತಯಾರಾಗಿತ್ತು. ಜನರು ಒಂದೊಂದಾಗಿ ನೋಡಿ ‘ಇದು ಇಂಥದ್ದು’ ಎಂದು ಚೀಟಿ ಅಂಟಿಸಿದ ಫೋಟೋಗಳು ಅವು. ಅದರಿಂದ ಆರಿಸಿದ 1000 ಬಗೆಯ ವಸ್ತುಗಳ ಸುಮಾರು 12 ಲಕ್ಷ ಫೋಟೋ ಕೊಟ್ಟು ಪ್ರತಿ ವರ್ಷ ಒಂದು ಸ್ಪರ್ಧೆ ನಡೆಯುತ್ತಿತ್ತು. ಪ್ರತಿ ಚಿತ್ರಕ್ಕೂ ಐದು ಊಹೆಗೆ ಅವಕಾಶ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ಅವರ ಪ್ರೋಗ್ರಾಂ ತಪ್ಪಿದ್ದು ನೂರಕ್ಕೆ ಸುಮಾರು 15 ಸಲ. ಎರಡನೇ ಸ್ಥಾನದವರು ತಪ್ಪಿದ್ದು ಸುಮಾರು 26 ಸಲ. ಸಾಮಾನ್ಯವಾಗಿ ಒಂದೆರಡು ಅಂಕದಲ್ಲಿ ಗೆಲ್ಲುವ ಇಂಥ ಸ್ಪರ್ಧೆಯಲ್ಲಿ ಇದು ಭಾರಿ ಅಂತರ. ಹಿಂಟನ್ ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಾಗ ನೆನಪಾದ ಕೆಲಸಗಳಲ್ಲಿ ಇದೂ ಒಂದು.

ಆ ಪ್ರೋಗ್ರಾಂಗೆ ‘ಹಸುವಿಗೆ ಕೊಂಬು ಇರುತ್ತದೆ, ನಾಲ್ಕು ಕಾಲು ಇರುತ್ತವೆ’ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದರೊಳಗೆ ಸುಮಾರು 6 ಕೋಟಿ ಸಂಖ್ಯೆಗಳಿದ್ದವು, ಹಳೆಯ ರೇಡಿಯೋದ ತಿರುಪುಗಳ ಹಾಗೆ. ಒಂದು ಫೋಟೋ ತೋರಿಸುವುದು, ಅದು ಏನೋ ಒಂದು ಉತ್ತರ ಹೇಳುವುದು, ತಪ್ಪಾದರೆ ಎಲ್ಲ ತಿರುಪುಗಳನ್ನೂ ಕೂದಲೆಳೆಯಷ್ಟು ಸರಿ ಉತ್ತರದ ಕಡೆ ತಿರುಗಿಸುವುದು. ಹೀಗೆ ಲಕ್ಷಾಂತರ ಸಲ. ಕೊನೆಗೆ ಒಳಗೆ ಇಣುಕಿದರೆ ಮೊದಲ ಹಂತಗಳು ಅಂಚು, ಗೆರೆ, ಬಣ್ಣದ ಬದಲಾವಣೆಗಳನ್ನು ಹಿಡಿಯಲು ಕಲಿತಿರುತ್ತವೆ. ಮುಂದಿನವು ಪಟ್ಟೆ, ಮೂಲೆ, ವೃತ್ತಗಳನ್ನು. ಇನ್ನೂ ಮುಂದಿನವು ಕಣ್ಣು, ಚಕ್ರ, ರೆಕ್ಕೆಯಂಥವನ್ನು. ಇವತ್ತಿನ ಲೆನ್ಸ್‌ನಂಥ ಸೇವೆಗಳು ಇದೇ ಬೇರಿನಿಂದ ಬೆಳೆದವು. ಗೂಗಲ್ ಲೆನ್ಸ್ ಘೋಷಣೆಯಾದದ್ದು 2017ರಲ್ಲಿ. ಗಾಗಲ್ಸ್ ಮರುವರ್ಷ ಮುಚ್ಚಿತು.

ಹೆಸರು ಬರುವುದು ಪಕ್ಕದವರ ಬೋರ್ಡ್‌ನಿಂದ

ಸಂತೆಯನ್ನು ನೆನಪಿಸಿಕೊಳ್ಳಿ. ಸೊಪ್ಪು ಮಾರುವವರು ಒಂದು ಸಾಲು, ಬಾಳೆಹಣ್ಣಿನವರು ಒಂದು ಸಾಲು, ಮಡಕೆಯವರು ಇನ್ನೊಂದು ಕಡೆ. ಹುಡುಕಾಟದ ಕಂಪನಿಗಳು ಕೋಟ್ಯಂತರ ಫೋಟೋಗಳನ್ನು ಇಂಥದ್ದೇ ಒಂದು ಲೆಕ್ಕದ ಮೈದಾನದಲ್ಲಿ ಕೂರಿಸಿರುತ್ತವೆ. ಒಂದನ್ನೊಂದು ಹೋಲುವ ಫೋಟೋಗಳು ಹತ್ತಿರ ಹತ್ತಿರ, ಹೋಲದವು ದೂರ. ನೀವು ಒಂದು ಹೂವಿನ ಫೋಟೋ ತೆಗೆದಾಗ ಮೊಬೈಲ್ ಅದನ್ನು ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಅದು ಕೆಲವು ನೂರು ಅಥವಾ ಸಾವಿರ ಸಂಖ್ಯೆಗಳ ಪಟ್ಟಿಯಾಗುತ್ತದೆ. ಆ ಪಟ್ಟಿಯೇ ಮೈದಾನದಲ್ಲಿ ಅದರ ಜಾಗ. ಆ ಜಾಗದ ಅಕ್ಕಪಕ್ಕ ಯಾರು ಕೂತಿದ್ದಾರೆ, ಅವರ ಮುಂದೆ ಯಾವ ಬೋರ್ಡ್ ಇದೆ ಎಂದು ನೋಡಿ ‘ದಾಸವಾಳ’ ಎಂಬ ಉತ್ತರ ಬರುತ್ತದೆ. ಬೋರ್ಡ್ ಎಂದರೆ ಆ ಫೋಟೋ ಇದ್ದ ಜಾಲತಾಣದ ಅಡಿಬರಹ, ಶೀರ್ಷಿಕೆ, ಸುತ್ತಲಿನ ಬರಹ.

ಫೋಟೋ ಸರ್ವರ್‌ಗೆ ಹೋಗುತ್ತದೆ ಎಂದೆವಲ್ಲ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕನ್ನು ಇದರಲ್ಲಿ ಹಾಕಿ ಆಟವಾಡದಿರುವುದು ಒಳ್ಳೆಯದು.

ಸಂತೆಯ ಈ ಲೆಕ್ಕದಿಂದಲೇ ಮೂರು ತೊಂದರೆಗಳು ಹುಟ್ಟುತ್ತವೆ. ಮೊದಲನೆಯದು, ಪಕ್ಕದವರ ಬೋರ್ಡೇ ತಪ್ಪಾಗಿರಬಹುದು. ದೀಪಾವಳಿ ಚಿತ್ರವನ್ನು ಸಾವಿರ ಜನ ಸುಳ್ಳು ಅಡಿಬರಹದೊಂದಿಗೆ ಹಾಕಿದ್ದರೆ ಹುಡುಕಾಟಕ್ಕೆ ಸಿಗುವ ಬೋರ್ಡ್‌ಗಳಲ್ಲಿ ಹೆಚ್ಚಿನವು ಸುಳ್ಳೇ.

ಎರಡನೆಯದು, ನೀವು ತಂದ ವಸ್ತು ಸಂತೆಯಲ್ಲಿ ಇಲ್ಲವೇ ಇಲ್ಲದಿದ್ದರೂ ಅದಕ್ಕೆ ಎಲ್ಲೋ ಒಂದು ಜಾಗ ಸಿಗುತ್ತದೆ, ಅಕ್ಕಪಕ್ಕ ಯಾರೋ ಇದ್ದೇ ಇರುತ್ತಾರೆ. ಇಮೇಜ್‌ನೆಟ್ ಸ್ಪರ್ಧೆಯ 1000 ಹೆಸರುಗಳಲ್ಲಿ ನೂರಕ್ಕೂ ಹೆಚ್ಚು ನಾಯಿ ತಳಿಗಳಿದ್ದವು. ನಮ್ಮ ಬಾಗಲಕೋಟೆಯ ಮುಧೋಳ ನಾಯಿ ಅದರಲ್ಲಿ ಇರಲಿಲ್ಲ. ಆ ಪಟ್ಟಿಯಿಂದಷ್ಟೇ ಕಲಿತ ಪ್ರೋಗ್ರಾಂಗೆ ಮುಧೋಳ ನಾಯಿ ತೋರಿಸಿದರೆ ಅದು ‘ಗೊತ್ತಿಲ್ಲ’ ಎನ್ನಲಾರದು. ಹತ್ತಿರದಲ್ಲಿರುವ ಸಲೂಕಿಯನ್ನೋ ವಿಪೆಟ್ಟನ್ನೋ ಹೇಳಬೇಕು, ಶೇಕಡಾವಾರು ಖಾತ್ರಿಯೊಂದಿಗೆ. ಇವತ್ತಿನ ಸೇವೆಗಳ ಪಟ್ಟಿ ಎಷ್ಟೋ ದೊಡ್ಡದು. ಆದರೂ ನಮ್ಮ ಊರಿನ ಗಿಡ, ಹುಳ, ಮೀನುಗಳ ಹೆಸರು ಬರೆದ ಫೋಟೋಗಳು, ಅದರಲ್ಲೂ ಕನ್ನಡದಲ್ಲಿ ಬರೆದವು, ಯುರೋಪ್ ಅಮೆರಿಕದವಕ್ಕಿಂತ ಬಹಳ ಕಡಿಮೆ.

ಮೂರನೆಯದು ವಿಚಿತ್ರ. ಪ್ರೋಗ್ರಾಂ ಸರಿ ಉತ್ತರವನ್ನು ತಪ್ಪು ಕಾರಣದಿಂದ ಹೇಳುತ್ತಿರಬಹುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಬೇಕೆಂದೇ ಒಂದು ಕಳಪೆ ಪ್ರೋಗ್ರಾಂ ತಯಾರಿಸಿದರು. ಅದಕ್ಕೆ ಕಲಿಸುವಾಗ ತೋರಿಸಿದ ತೋಳಗಳೆಲ್ಲ ಹಿಮದಲ್ಲಿದ್ದವು, ಹಸ್ಕಿ ನಾಯಿಗಳು ಹಿಮವಿಲ್ಲದ ಕಡೆ. ಆಮೇಲೆ ಹಿಮದ ಮೇಲೆ ನಿಂತ ಹಸ್ಕಿಯನ್ನು ತೋರಿಸಿದರೆ ಅದು ‘ತೋಳ’ ಎಂದಿತು. ಅದು ಕಲಿತದ್ದು ತೋಳವನ್ನಲ್ಲ, ಹಿಮವನ್ನು. ಇನ್ನೊಂದು ಪ್ರಸಂಗ 2021ರದ್ದು. ಓಪನ್‌ಎಐ ಸಂಸ್ಥೆಯವರು ಅಂತರ್ಜಾಲದ 40 ಕೋಟಿ ಫೋಟೋ-ಅಡಿಬರಹ ಜೋಡಿಗಳಿಂದ ಕಲಿತ ತಮ್ಮ ‘ಕ್ಲಿಪ್’ ಎಂಬ ಪ್ರೋಗ್ರಾಂಗೆ ಒಂದು ಹಸಿರು ಸೇಬು ತೋರಿಸಿದರು. ಸೇಬು ಎಂದೇ ಗುರುತಿಸಿತು. ಅದೇ ಸೇಬಿಗೆ ‘ಐಪಾಡ್’ ಎಂದು ಕೈಬರಹದ ಚೀಟಿ ಅಂಟಿಸಿದರು. ಈಗ ಅದು ಐಪಾಡ್ ಎಂದಿತು, ಶೇ 99.7ರ ಖಾತ್ರಿಯೊಂದಿಗೆ! ಪರದೆಯ ಮೇಲೆ ಬರುವ ಶೇಕಡಾ ಸಂಖ್ಯೆ ನಿಜಕ್ಕೆ ಕೊಟ್ಟ ಅಂಕವಲ್ಲ. ಪಟ್ಟಿಯಲ್ಲಿದ್ದ ಬೇರೆ ಹೆಸರುಗಳಿಗಿಂತ ಇದು ಎಷ್ಟು ಹೆಚ್ಚು ಹೊಂದಿತು ಎನ್ನುವುದಷ್ಟೇ.

ಹಾವಿನ ಫೋಟೋ ತೆಗೆಯುವ ಮೊದಲು

ಹೂವಿನ ಹೆಸರು ತಪ್ಪಾದರೆ ನಷ್ಟವಿಲ್ಲ. ನಮ್ಮನ್ನು ಚಿಂತೆಗೆ ಹಚ್ಚುವುದು ಹಾವು, ಅಣಬೆ, ಸೊಪ್ಪು, ಮಾತ್ರೆ.

ಮನೆಯೊಳಗೆ ಬರುವ ಹಾವುಗಳಲ್ಲಿ ಕಟ್ಟುಹಾವು, ಅಂದರೆ ಕೆಲವು ಕಡೆ ಕಡಂಬಳ ಎನ್ನುವುದು, ತೀವ್ರ ವಿಷದ್ದು. ತೋಳದ ಹಾವು ಮನುಷ್ಯರಿಗೆ ವಿಷವಿಲ್ಲದ್ದು. ಎರಡಕ್ಕೂ ಕಪ್ಪು-ಕಂದು ಮೈ, ಮೇಲೆ ಬಿಳಿ ಅಡ್ಡಪಟ್ಟೆ. ಬಲ್ಲವರು ನೋಡುವುದು ಬೆನ್ನ ನಡುವಿನ ಹುರುಪೆಗಳನ್ನು, ಅವು ಕಟ್ಟುಹಾವಿನಲ್ಲಿ ದೊಡ್ಡವು, ಆರು ಮೂಲೆಯವು. ಪಟ್ಟೆ ತಲೆಯ ಹತ್ತಿರದಿಂದ ಶುರುವಾಗಿ ಬಾಲದ ಕಡೆ ಮಾಸುತ್ತದೋ, ಅಥವಾ ತಲೆಯಿಂದ ಸ್ವಲ್ಪ ದೂರ ಬಿಟ್ಟು ಶುರುವಾಗಿ ಬಾಲದ ಕಡೆ ಎದ್ದು ಕಾಣುತ್ತದೋ ಎಂಬುದನ್ನೂ ನೋಡುತ್ತಾರೆ. ರಾತ್ರಿ, ಟಾರ್ಚ್ ಬೆಳಕಿನಲ್ಲಿ, ನಡುಗುವ ಕೈಯಿಂದ, ಎರಡು ಮೀಟರ್ ದೂರದಿಂದ ತೆಗೆದ ಫೋಟೋದಲ್ಲಿ ಹುರುಪೆ ಕಾಣುವುದಿಲ್ಲ. ಕಾಣದ್ದನ್ನು ಯಾವ ಪ್ರೋಗ್ರಾಂ ಕೂಡ ಹೋಲಿಸಲಾರದು. ಅದಕ್ಕೆ ಉಳಿಯುವುದು ‘ಪಟ್ಟೆ ಇರುವ ಕಪ್ಪು ಹಾವು’ ಮಾತ್ರ.

ಕಟ್ಟುಹಾವಿನ ಕಡಿತದಲ್ಲಿ ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಹುಳ ಕಚ್ಚಿತೆಂದು ಮಲಗಿಬಿಡುವವರಿದ್ದಾರೆ. ಅಂಥ ಹೊತ್ತಿನಲ್ಲಿ ಮೊಬೈಲ್ ‘ತೋಳದ ಹಾವು, ವಿಷವಿಲ್ಲ’ ಎಂದರೆ ಮನೆಯವರು ಬೆಳಗಿನವರೆಗೆ ಕಾಯುತ್ತಾರೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ವರ್ಷಕ್ಕೆ ಸರಾಸರಿ 58,000. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ.

ಅಸಲಿಗೆ ಚಿಕಿತ್ಸೆಗೆ ಹಾವಿನ ಹೆಸರು ಅನಿವಾರ್ಯವೇ ಅಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿಸಿ ತಯಾರಿಸಿದ್ದು. ವೈದ್ಯರು ರೆಪ್ಪೆ ಜೋತು ಬೀಳುತ್ತಿದೆಯೇ, ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂಬ ಲಕ್ಷಣ ನೋಡಿ ನಿರ್ಧರಿಸುತ್ತಾರೆ. ಆದ್ದರಿಂದ ಫೋಟೋಗಾಗಿ ಹಾವಿನ ಹಿಂದೆ ಹೋಗಬೇಡಿ. ಕಡಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಉಂಗುರ ಬಳೆ ತೆಗೆದು, ಬಿಗಿಯಾಗಿ ಕಟ್ಟದೆ, ಕುಯ್ಯದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಯಾರಾದರೂ ಆಗಲೇ ಫೋಟೋ ತೆಗೆದಿದ್ದರೆ ಅದನ್ನು ತೋರಿಸಬೇಕಾದದ್ದು ವೈದ್ಯರಿಗೆ, ಆ್ಯಪ್‌ಗಲ್ಲ.

ಅಣಬೆಯದ್ದೂ ಇದೇ ಕಥೆ. ಮಳೆ ಶುರುವಾದಾಗ ಮಲೆನಾಡಿನಲ್ಲಿ ಅಣಬೆ ಹುಡುಕುವವರು ನೋಡುವುದು ಬುಡ ಹುತ್ತಕ್ಕೆ ಇಳಿದಿದೆಯೇ, ವಾಸನೆ ಹೇಗಿದೆ, ಮುರಿದರೆ ಬಣ್ಣ ಬದಲಾಗುತ್ತದೆಯೇ ಎಂದು. ಮೇಲಿನಿಂದ ತೆಗೆದ ಫೋಟೋದಲ್ಲಿ ಇದ್ಯಾವುದೂ ಇಲ್ಲ, ಬಿಳಿ ಕೊಡೆ ಮಾತ್ರ ಇದೆ. ಕೆಲವು ಮಾರಕ ಅಣಬೆಗಳು ತಿಂದ ಆರು ಗಂಟೆಯ ನಂತರವೇ ಲಕ್ಷಣ ತೋರಿಸುತ್ತವೆ, ಅಷ್ಟು ಹೊತ್ತಿಗೆ ವಿಷ ಯಕೃತ್ತಿಗೆ ಇಳಿದಿರುತ್ತದೆ. ‘ಈ ಸೊಪ್ಪಿನ ಕಷಾಯ ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಫಾರ್ವರ್ಡ್ ನೋಡಿ, ಹಿತ್ತಲಿನ ಗಿಡವನ್ನು ಲೆನ್ಸ್‌ನಲ್ಲಿ ಹೊಂದಿಸಿ ಕುದಿಸಿ ಕುಡಿಯುವವರು ಎರಡೆರಡು ಊಹೆಗಳನ್ನು ಒಟ್ಟಿಗೆ ಕುಡಿಯುತ್ತಿದ್ದಾರೆ.

ಮಾತ್ರೆಯ ವಿಷಯದಲ್ಲಿ ಒಂದು ಸುಲಭ ದಾರಿ ಇದೆ. ದುಂಡಗಿನ ಬಿಳಿ ಮಾತ್ರೆಗಳು ಸಾವಿರ ಬಗೆಯವು, ಮಾತ್ರೆಯ ಫೋಟೋದಿಂದ ಉಪಯೋಗವಿಲ್ಲ. ಹಾಳೆಯ ಮೇಲಿನ ಅಕ್ಷರಗಳ ಫೋಟೋ ತೆಗೆಯಿರಿ. ಅಕ್ಷರ ಓದುವುದರಲ್ಲಿ ಈ ತಂತ್ರ ಹೆಚ್ಚು ನಂಬಿಕಸ್ಥ, ಏಕೆಂದರೆ ಇಂಗ್ಲಿಷಿನ ಅಕ್ಷರಗಳು ಕೇವಲ 26. ಕನ್ನಡದಲ್ಲಿ ಕೊಂಚ ಎಚ್ಚರ ಬೇಕು. ದ, ಧ, ಥ ಮೂರನ್ನೂ ಬೇರೆ ಮಾಡುವುದು ಒಂದು ಗೀಟು, ಒಂದು ಚುಕ್ಕೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಮಸುಕು ಫೋಟೋದಲ್ಲಿ ಮೊದಲು ಕಳೆದುಹೋಗುವುದು ಅವೇ.

ಫಾರ್ವರ್ಡ್ ಪರೀಕ್ಷಿಸುವುದು

ಈಗ ಮೊಬೈಲ್ ಗಟ್ಟಿಯಾಗಿರುವ ಕೆಲಸಕ್ಕೆ ಬರೋಣ. ‘ನಿನ್ನೆ ನಡೆದ ಘಟನೆ’ ಎಂದು ಬಂದ ಫೋಟೋ ಐದು ವರ್ಷದ ಹಿಂದೆಯೇ ಅಂತರ್ಜಾಲದಲ್ಲಿತ್ತು ಎಂದು ತೋರಿದರೆ ಅಲ್ಲಿಗೆ ಮಾತು ಮುಗಿಯಿತು. ಇಲ್ಲಿ ಊಹೆಗೆ ಜಾಗವಿಲ್ಲ.

ಫೋಟೋವನ್ನು ಗ್ಯಾಲರಿಗೆ ಉಳಿಸಿಕೊಂಡು ಲೆನ್ಸ್‌ನಲ್ಲಿ ತೆರೆಯಿರಿ. ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಸಾಲುಗಳಿದ್ದರೆ ಅವನ್ನು ಕತ್ತರಿಸಿ ತೆಗೆಯಿರಿ. ಐಪಾಡ್ ಚೀಟಿಯ ಸೇಬು ನೆನಪಿದೆಯಲ್ಲ, ಹುಡುಕಾಟ ಆ ಬರಹದ ಹಿಂದೆಯೇ ಹೋಗಬಹುದು. ವಿಡಿಯೋ ಆದರೆ ಅಂಗಡಿಯ ಬೋರ್ಡ್, ವಾಹನ, ಕಟ್ಟಡ ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹುಡುಕಿ. ಒಂದರಲ್ಲಿ ಸಿಗದಿದ್ದರೆ ಬಿಂಗ್, ಯಾಂಡೆಕ್ಸ್, ಟಿನ್‌ಐಗಳಲ್ಲಿ ನೋಡಿ, ಪ್ರತಿಯೊಂದರ ಸಂತೆಯೂ ಬೇರೆ. ಟಿನ್‌ಐನಲ್ಲಿ ಅತ್ಯಂತ ಹಳೆಯ ಪ್ರತಿ ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು. ನಮಗೆ ಬೇಕಾದದ್ದೂ ಅದೇ. ಎಷ್ಟು ಜನ ಏನು ಬರೆದಿದ್ದಾರೆ ಎಂದು ಎಣಿಸಬೇಡಿ, ಮೊದಲು ಬರೆದವರು ಯಾರು, ಯಾವ ದಿನ ಎಂದು ನೋಡಿ. ಸುದ್ದಿಸಂಸ್ಥೆಯೋ ಫೋಟೋ ತೆಗೆದವರೋ ಹಾಕಿದ ಒಂದು ಹಳೆಯ ಪ್ರತಿ, ಸಾವಿರ ಹೊಸ ಪ್ರತಿಗಳಿಗಿಂತ ಹೆಚ್ಚು.

ಫೋಟೋ ಕಡತದೊಳಗೇ ತೆಗೆದ ದಿನ, ಜಾಗ ಇರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಕ್ಯಾಮೆರಾ ಬರೆದಿರುತ್ತದೆ ನಿಜ. ಆದರೆ ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದಾಗ ಆ ವಿವರ ಅಳಿಸಿಹೋಗುತ್ತದೆ. ನಿಮ್ಮ ಗ್ಯಾಲರಿ ತೋರಿಸುವ ದಿನಾಂಕ ಅದು ನಿಮಗೆ ತಲುಪಿದ ದಿನದ್ದು.

ಹಳೆಯ ಪ್ರತಿ ಎಲ್ಲೂ ಸಿಗಲಿಲ್ಲ ಎಂದರೆ ಫೋಟೋ ನಿಜ ಎಂದು ಅರ್ಥವಲ್ಲ. ಹುಡುಕಾಟಕ್ಕೆ ಸಿಗುವುದು ಬಹಿರಂಗ ಜಾಲತಾಣಗಳಲ್ಲಿ ಇದ್ದದ್ದು ಮಾತ್ರ. ವಾಟ್ಸಾಪ್ ಗುಂಪುಗಳ ಒಳಗಷ್ಟೇ ಓಡಾಡಿದ ಫೋಟೋ ಅಲ್ಲಿ ಇರುವುದಿಲ್ಲ. ಎಐ ಬಳಸಿ ಇವತ್ತು ಬೆಳಗ್ಗೆ ತಯಾರಿಸಿದ ಚಿತ್ರಕ್ಕಂತೂ ಹಳೆಯ ಪ್ರತಿ ಇರಲು ಸಾಧ್ಯವೇ ಇಲ್ಲ. ಗೂಗಲ್ ತನ್ನ ಎಐ ಚಿತ್ರಗಳಲ್ಲಿ ‘ಸಿಂತ್‌ಐಡಿ’ ಎಂಬ, ಕಣ್ಣಿಗೆ ಕಾಣದ ಗುರುತನ್ನು 2023ರಿಂದ ಸೇರಿಸತೊಡಗಿದೆ. ಆ ಗುರುತು ಪತ್ತೆಯಾದರೆ ಚಿತ್ರ ಎಐಯದ್ದು ಎಂದು ಹೇಳಬಹುದು. ಪತ್ತೆಯಾಗದಿದ್ದರೆ, ಬೇರೆ ಯಾವುದೋ ಸಾಧನದಿಂದ ಮಾಡಿದ್ದೂ ಆಗಿರಬಹುದು, ನಿಜವಾದ ಫೋಟೋವೂ ಆಗಿರಬಹುದು. ಅಲ್ಲಿಂದ ಮುಂದೆ ಆ ಊರಿನ ಹೆಸರು ಹಾಕಿ ಸುದ್ದಿ ಹುಡುಕಬೇಕು, ಅಥವಾ ಆ ಊರಿನಲ್ಲಿ ಗೊತ್ತಿರುವವರಿಗೆ ಒಂದು ಫೋನ್ ಮಾಡಬೇಕು.